ಕಾರ್ಡ್ ಇದೆ, ರೆಫರಲ್ ಎಲ್ಲಿದೆ?

ಕುಮಟಾ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ನನಗೆ ಕೆಲಸ. ಬೆಳೆಸಾಲ, ಗೊಬ್ಬರ, ಪಡಿತರ ಇವುಗಳ ಲೆಕ್ಕದ ನಡುವೆ ವಾರಕ್ಕೊಬ್ಬರಾದರೂ ಆಸ್ಪತ್ರೆಯ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಸೆಕ್ರೆಟರಿಯವರೇ, ಆಯುಷ್ಮಾನ್ ಕಾರ್ಡ್ ಇದೆ, 5 ಲಕ್ಷ ಬರುತ್ತದಲ್ಲವೇ?" ಯಾರಿಗೂ 5 ಲಕ್ಷ ಬರುವುದಿಲ್ಲ. ಆಸ್ಪತ್ರೆಗೆ ಸೇರಬೇಕಾದ ಹಣ ಆಸ್ಪತ್ರೆಗೆ ಹೋಗುತ್ತದೆ. ಅದೂ ನಾವು ಸರಿಯಾದ ಬಾಗಿಲಿನಿಂದ ಒಳಗೆ ಹೋಗಿದ್ದರೆ. ಈ ಬಾಗಿಲಿನ ವಿಚಾರ ನನಗೆ ಪೂರ್ತಿ ತಿಳಿದದ್ದು ದೊಡ್ಡಮ್ಮನ ಹೃದಯದ ಕವಾಟ ಬದಲಿಸುವ ಪ್ರಸಂಗ ಬಂದಾಗ.

ರಾಜ್ಯ ಸರಕಾರದ ಚಿಕಿತ್ಸಾ ಯೋಜನೆಯಾದ ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ಒಂದೇ ಯೋಜನೆಯಾಯಿತು. ನಡೆಸುವುದು ರಾಜ್ಯ ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ತಲೆಗೆ 5 ಲಕ್ಷವಲ್ಲ, ಇಡೀ ಮನೆಗೆ. ಎಪಿಎಲ್ ಮನೆಗೆ ಪ್ಯಾಕೇಜ್ ದರದ, ಅಂದರೆ ಒಂದು ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಒಟ್ಟು ಮೊತ್ತದ, ಶೇ. 30ರಷ್ಟನ್ನು ಮಾತ್ರ ಸರಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಪ್ಯಾಕೇಜ್ 1 ಲಕ್ಷದ್ದಾದರೆ ಸರಕಾರದ್ದು 30 ಸಾವಿರ, ಉಳಿದ 70 ಸಾವಿರ ನಮ್ಮದು. ನಮ್ಮ ಕಡೆ ಅಂಗೈಯಗಲದ ಅಡಿಕೆ ತೋಟ ಇದ್ದವರೂ ಎಪಿಎಲ್ ಚೀಟಿಯಲ್ಲಿರುತ್ತಾರೆ. ಅವರಿಗೆ ಈ ಲೆಕ್ಕ ಹೇಳುವಾಗ ಮುಖ ನೋಡಲಾಗುವುದಿಲ್ಲ.

ಹಾಗಾಗಿ ಅಂಥವರಿಗೆ ನಾನು ಯಶಸ್ವಿನಿಯನ್ನೂ ಹೇಳುತ್ತೇನೆ. 2003ರಲ್ಲಿ ಸಹಕಾರಿಗಳಿಗಾಗಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಬಂದ ಯೋಜನೆ ಅದು. ಮತ್ತೆ ಆರಂಭವಾದಾಗ ಗ್ರಾಮೀಣ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ ಎಂದು ನಿಗದಿಯಾಯಿತು. ಆದರೆ ಅದರ ನೋಂದಣಿಗೆ ಅವಧಿ ಇರುತ್ತದೆ. ಎದೆನೋವು ಬಂದ ಮೇಲೆ ಸಂಘಕ್ಕೆ ಓಡಿ ಬಂದರೆ ನಾನು ಏನೂ ಮಾಡಲಾರೆ.

ಇನ್ನು ದೊಡ್ಡಮ್ಮನ ಕತೆ. ಅವಳದು ಬಿಪಿಎಲ್ ಚೀಟಿ. ಏದುಸಿರು ಹೆಚ್ಚಾಗಿ, ಎಕೋ ಪರೀಕ್ಷೆ ಮಾಡಿಸಿದಾಗ ಕವಾಟ ಕೆಟ್ಟಿರುವುದು ಕಂಡಿತು. ಅವಳ ಮಗ, ಅಂದರೆ ನನ್ನ ಅಣ್ಣ, ಅದೇ ಸಂಜೆ ಕಾರು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡುವ ಯೋಚನೆಯಲ್ಲಿದ್ದ. ನಾನು ತಡೆದೆ. ತಡೆದದ್ದಕ್ಕೆ ಕಾರಣ ಯೋಜನೆಯ ವಿಂಗಡಣೆ.

ಚಿಕಿತ್ಸೆಗಳನ್ನೆಲ್ಲ ಈ ಯೋಜನೆ ಅಂಕಿ ಮತ್ತು ಅಕ್ಷರಗಳಲ್ಲಿ ಗುಂಪು ಮಾಡಿದೆ. ಆರಂಭದ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. 2ಎ ಎಂದರೆ ಸರಳವಾದವು, ಅವು ಸರಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ ತುಸು ಸಂಕೀರ್ಣ. 3ಎ ಎಂದರೆ ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗಳು. 2ಬಿ ಮತ್ತು 3ಎ ಸರಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದ ರೆಫರಲ್, ಅಂದರೆ ಇಲ್ಲಿ ಆಗದು ಎಂದು ಬೇರೆಡೆಗೆ ಕಳಿಸುವ ಶಿಫಾರಸು, ಪಡೆದು ಟ್ರಸ್ಟಿನ ಆಸ್ಪತ್ರೆಗಳ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. 4ಎ ತುರ್ತು ಗುಂಪು: ಹೃದಯಾಘಾತ, ತಲೆಗೆ ಬಿದ್ದ ಪೆಟ್ಟಿನಂಥವು. ಅದಕ್ಕೆ ರೆಫರಲ್ ಬೇಡ, ನೇರವಾಗಿ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬಹುದು. ದೊಡ್ಡಮ್ಮನದು ತುರ್ತಲ್ಲ, 3ಎ. ರೆಫರಲ್ ಇಲ್ಲದೆ ಹೋಗಿ ಹಣ ಕಟ್ಟಿ ದಾಖಲಾಗಿದ್ದರೆ ಆಮೇಲೆ ಬಿಲ್ ತೋರಿಸಿ ಹಣ ವಾಪಸ್ ಪಡೆಯುವ ದಾರಿ ಈ ಯೋಜನೆಯಲ್ಲಿ ಇಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವುದು ಬೇರೆಯೇ ಬಾಬತ್ತು.

ಬಯಲುಸೀಮೆಯವರಿಗೆ ಈ ಕ್ರಮ ಅಷ್ಟು ಭಾರವೆನಿಸಲಿಕ್ಕಿಲ್ಲ. ಉತ್ತರ ಕನ್ನಡದಲ್ಲಿ ಇದು ಭೂಗೋಳದ ಪ್ರಶ್ನೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ, ಶಿರಸಿಯಲ್ಲಿ ಪಂಡಿತ್ ಸಾರ್ವಜನಿಕ ಆಸ್ಪತ್ರೆ ಇದೆ, ಹೊನ್ನಾವರ, ಭಟ್ಕಳ, ಅಂಕೋಲೆಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಆದರೆ ಎದೆ ತೆರೆಯುವ ಶಸ್ತ್ರಚಿಕಿತ್ಸೆ ಎಂದರೆ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ, ಇಲ್ಲವೇ ದಕ್ಷಿಣಕ್ಕೆ ಮಣಿಪಾಲ, ಮಂಗಳೂರಿಗೆ ಹೋಗುವುದೇ ರೂಢಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ತೀರಿಕೊಂಡ ಮೇಲೆ ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಜೋರಾಗಿತ್ತು ಎಂಬುದು ಇಲ್ಲಿಯವರಿಗೆ ನೆನಪಿದೆ. ದೂರ ಇಷ್ಟಿರುವಾಗ ಒಂದು ರೆಫರಲ್ ಚೀಟಿಗಾಗಿ ಅರ್ಧ ದಾರಿಯಿಂದ ಹಿಂದೆ ಬರುವಂತಾಗಬಾರದು.

ತಾಲೂಕು ಆಸ್ಪತ್ರೆಗೆ ಹೋಗುವ ಮೊದಲು ನಾನು ಆಧಾರ್ ಮತ್ತು ಪಡಿತರ ಚೀಟಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದೆ. ಒಂದರಲ್ಲಿ ಮಾದೇವಿ, ಇನ್ನೊಂದರಲ್ಲಿ ಮಹಾದೇವಿ. ಊರಿನಲ್ಲಿ ಇವೆರಡೂ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು ಹೆಂಗಸರು. ಮೊದಲು ಅದನ್ನು ಸರಿಪಡಿಸಿದೆವು. ಎರಡನೆಯ ತೊಡಕು ಬೆರಳಿನದು. ವರ್ಷಗಟ್ಟಲೆ ಅಡಿಕೆ ಸುಲಿದ ಕೈಗೆ ಗೆರೆಗಳೇ ಉಳಿದಿರುವುದಿಲ್ಲ, ಮೀನು ಕೊಯ್ಯುವ ಹೆಂಗಸರದೂ ಇದೇ ಪಾಡು. ಬೆರಳಚ್ಚು ಹತ್ತದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೆಲಸ ಮಾಡುತ್ತದೆ. ಆ ಸಂಖ್ಯೆ ಯಾರ ಬಳಿ ಇದೆ ಎಂದು ಮೊದಲೇ ನೋಡಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಅದು ಬೆಂಗಳೂರಿನಲ್ಲಿರುವ ಮಗನ ಹಳೆಯ ಸಿಮ್.

ಪಡಿತರ ಚೀಟಿಯಲ್ಲಿ ಯಾರ ಹೆಸರಿದೆ ಎಂಬುದೂ ನೋಡಬೇಕಾದ ವಿಷಯ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಇದ್ದರೆ ಅವಳ ಚಿಕಿತ್ಸೆಯ ಲೆಕ್ಕವೂ ಅಲ್ಲಿಗೇ. ಪ್ಲಾಸ್ಟಿಕ್ ಕಾರ್ಡ್ ಕಳೆದುಹೋಗಿದೆ ಎಂದು ಅಳುವವರಿಗೆ ನಾನು ಧೈರ್ಯ ಹೇಳುತ್ತೇನೆ: ಆಧಾರ್ ಮತ್ತು ಪಡಿತರ ಚೀಟಿ ಇದ್ದರೆ ನಡೆಯುತ್ತದೆ.

ತಾಲೂಕು ಆಸ್ಪತ್ರೆಯಲ್ಲಿ ವೈದ್ಯರು ಎಕೋ ವರದಿ ನೋಡಿದರು, ಈ ಚಿಕಿತ್ಸೆ ಇಲ್ಲಿ ಲಭ್ಯವಿಲ್ಲವೆಂದು ದಾಖಲಿಸಿ ಆನ್‌ಲೈನ್‌ನಲ್ಲಿ ರೆಫರಲ್ ಕೊಟ್ಟರು. ಯಾವ ಆಸ್ಪತ್ರೆ ಎಂಬುದು ನಮ್ಮ ಆಯ್ಕೆ, ಆದರೆ ಅದು ಟ್ರಸ್ಟಿನ ಪಟ್ಟಿಯಲ್ಲಿರಬೇಕು, ಅದೂ ಆ ವಿಭಾಗಕ್ಕೆ. ಮೂಳೆ ಚಿಕಿತ್ಸೆಗೆ ನೋಂದಾಯಿಸಿಕೊಂಡ ಆಸ್ಪತ್ರೆ ಹೃದಯಕ್ಕೂ ನೋಂದಾಯಿಸಿಕೊಂಡಿದೆ ಎಂದು ಊಹಿಸುವಂತಿಲ್ಲ. ಫೋನ್ ಮಾಡಿ ಕೇಳಿ ಖಚಿತಪಡಿಸಿಕೊಂಡೇ ಹೊರಟೆವು.

ನಾವು ಹೋದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಶಸ್ತ್ರಚಿಕಿತ್ಸೆಯ ಕೈಗಳ ಬಗ್ಗೆ ಒಳ್ಳೆಯ ಮಾತೇ ಇದೆ, ಬಿಲ್ಲಿಂಗ್ ಕಿಟಕಿಯ ಬಗ್ಗೆ ಇಲ್ಲ. ಅಲ್ಲಿ ಮೊದಲು ಕೇಳಿದ್ದೇ ಮುಂಗಡ. "ಅಪ್ರೂವಲ್ ಬಂದ ಮೇಲೆ ಹಿಂದಿರುಗಿಸುತ್ತೇವೆ" ಎಂದರು. ನಾವು ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ ಎಂದು ಕೇಳಿದೆವು. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಯೋಜನೆಯ ಕಡೆಯಿಂದ ಅಂಥ ಒಬ್ಬರು ಇರುತ್ತಾರೆ. ದಾಖಲಾಗುವ ಮುನ್ನವೇ ಅವರನ್ನು ಕಾಣಬೇಕು, ಬಿಲ್ ಬೆಳೆದ ಮೇಲೆ ಕಂಡು ಪ್ರಯೋಜನ ಕಡಿಮೆ. ಆತ ರೆಫರಲ್ ನೋಡಿ, ವರದಿಗಳನ್ನು ಟ್ರಸ್ಟಿಗೆ ಕಳಿಸುವ ವ್ಯವಸ್ಥೆ ಮಾಡಿ, ಕಿಟಕಿಯವರಿಗೂ ಎರಡು ಮಾತು ಹೇಳಿದ. ಮುಂಗಡದ ಮಾತು ಅಲ್ಲಿಗೆ ನಿಂತಿತು. ನಿಲ್ಲದಿದ್ದರೆ ಟ್ರಸ್ಟಿನ ಸಹಾಯವಾಣಿಗೆ ದೂರು ಕೊಡಲು ನಾನು ಫೋನ್ ಕೈಯಲ್ಲೇ ಹಿಡಿದಿದ್ದೆ.

ಪ್ಯಾಕೇಜಿನಲ್ಲಿ ಜನರಲ್ ವಾರ್ಡಿನ ಹಾಸಿಗೆ, ಶಸ್ತ್ರಚಿಕಿತ್ಸೆ, ಕವಾಟ, ಔಷಧ, ಪರೀಕ್ಷೆ, ರೋಗಿಯ ಊಟ ಎಲ್ಲ ಸೇರಿರುತ್ತದೆ. ಜೊತೆಗಿದ್ದವರ ಊಟ-ವಸತಿ, ಬಾಡಿಗೆ ಕಾರು ನಮ್ಮದೇ.

ಕಾರವಾರದ ಕಡೆಯವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಗೋವಾ ಹತ್ತಿರವಲ್ಲವೇ? ಹತ್ತಿರ ನಿಜ. ಆದರೆ ಅಲ್ಲಿನ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಗೋವಾದ ನಿವಾಸಿಗಳಿಗೆ, ಮತ್ತು ಬಾಂಬೋಳಿಯ ಸರಕಾರಿ ಆಸ್ಪತ್ರೆಯಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ. ಕಾಳಿ ಸೇತುವೆ ದಾಟುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂದಷ್ಟೇ ಹೇಳುತ್ತೇನೆ.

ಯೋಜನೆ ಮುಗಿಯುವ ಜಾಗವನ್ನು ಯಾರೂ ಮೊದಲೇ ಹೇಳುವುದಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಬಿಡುಗಡೆಯಾಗುವಾಗ ಕೊಡುವ ಔಷಧ ಕೆಲವು ದಿನಗಳದ್ದು. ಆಮೇಲಿನ ಹೊರರೋಗಿ ಖರ್ಚು ಪ್ಯಾಕೇಜಿನಲ್ಲಿಲ್ಲ. ಅಣ್ಣ ಈಗ ಜನೌಷಧಿ ಅಂಗಡಿಯಲ್ಲಿ ಮಾತ್ರೆ ಸಿಕ್ಕಾಗ ಅಲ್ಲಿಂದ, ಇಲ್ಲದಾಗ ಪೇಟೆಯ ಅಂಗಡಿಯಿಂದ ತರುತ್ತಾನೆ. ಸೊಪ್ಪು ತಿನ್ನುವ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿದರೆ ಈ ಮಾತ್ರೆಯ ಪರಿಣಾಮವೂ ಏರಿಳಿಯುತ್ತದೆಂದು ವೈದ್ಯರು ಹೇಳಿದ ಮೇಲೆ, ಬಸಳೆ ಪದಾರ್ಥ ಎಷ್ಟು ಬಡಿಸಬೇಕು ಎಂಬುದರ ಬಗ್ಗೆ ಅತ್ತೆ-ಸೊಸೆಯರ ನಡುವೆ ಚರ್ಚೆ ನಡೆದೇ ಇದೆ.