ಹಿಟ್ಟು ತಿಗಣೆಗೆ ನಾನು ಕಟ್ಟಿದ ಕಂದಾಯ

ಕೊಳ್ಳೇಗಾಲದ ಕಡೆ ನಮ್ಮದು ಬೋರ್‌ವೆಲ್ ಜಮೀನು. 2009ರ ಡಿಸೆಂಬರ್‌ನಲ್ಲಿ ಒಂದು ಎಕರೆಗೆ ರೆಡ್ ಲೇಡಿ ತಳಿಯ ಪರಂಗಿ ಹಾಕಿದೆ. ಆರಡಿಗೊಂದು ಗುಣಿ, 1,200 ಸಸಿ, ಸಸಿಗೆ 12 ರೂಪಾಯಿ. ಗೊಬ್ಬರ, ಡ್ರಿಪ್, ಕೂಲಿ ಎಲ್ಲ ಸೇರಿ ಕಾಯಿ ಬಿಡುವ ಹೊತ್ತಿಗೆ 60 ಸಾವಿರ ಖರ್ಚಾಗಿತ್ತು.

ಜುಲೈನಲ್ಲಿ ಒಂದು ಗಿಡದ ಎಲೆಯಡಿ ಹತ್ತಿ ಅಂಟಿದ ಹಾಗೆ ಬಿಳಿ ಕಂಡಿತು. ಬೇಲಿಯ ದಾಸವಾಳದಲ್ಲೂ ಇತ್ತು. ಬೂದಿ ರೋಗ ಇರಬೇಕು ಅಂದುಕೊಂಡು ಸುಮ್ಮನಾದೆ. ಹದಿನೈದು ದಿನಕ್ಕೆ ಮೂವತ್ತು ಗಿಡ, ಎರಡು ತಿಂಗಳಿಗೆ ಅರ್ಧ ತೋಟ. ಎಲೆ ಮುರುಟಿತು, ಕಾಯಿಗೆ ಸುಣ್ಣ ಬಳಿದ ಹಾಗಾಯಿತು, ಅದು ಸುರಿಸುವ ಅಂಟಿನ ಮೇಲೆ ಕಪ್ಪು ಮಸಿ ಬೇರೆ.

ಇದು ಪರಂಗಿ ಹಿಟ್ಟು ತಿಗಣೆ, ಗಿಡದ ರಸ ಹೀರುವ ಪುಟ್ಟ ಹುಳ. 2008ರಲ್ಲಿ ಮೊದಲು ಕೊಯಮತ್ತೂರಲ್ಲಿ ಕಾಣಿಸಿಕೊಂಡು ಈ ಕಡೆ ಬಂದದ್ದು. ಮೂಲ ಮೆಕ್ಸಿಕೋ ಕಡೆ. ಪರಂಗಿ ಹಣ್ಣಿನ ತವರೂ ಅದೇ, ಹೆಸರಲ್ಲೇ ಪರಂಗಿಯವರು ತಂದದ್ದು ಅಂತ ಇದೆ ಅಲ್ವಾ? ನೂರಾರು ವರ್ಷ ತಡವಾಗಿ ಹುಳವೂ ಬಂತು, ಅದನ್ನು ತಿನ್ನುವವರನ್ನು ಮಾತ್ರ ಅಲ್ಲೇ ಬಿಟ್ಟು.

ಔಷಧಿ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದೆ. ನಾಲ್ಕು ತಿಂಗಳಲ್ಲಿ 11 ಸಲ, ಔಷಧಿ, ಆಳು, ಪೆಟ್ರೋಲು ಸೇರಿ ಸಲಕ್ಕೆ 1,400. ಮೈಮೇಲೆ ಮೇಣದ ಪುಡಿ ಹೊದ್ದಿರುವ ಹುಳಕ್ಕೆ ಔಷಧಿ ಸರಿಯಾಗಿ ತಾಗುವುದೇ ಇಲ್ಲ, ಮೊಟ್ಟೆಗಳಂತೂ ಆ ಹತ್ತಿಯೊಳಗೆ ಬೆಚ್ಚಗಿರುತ್ತವೆ. ಸತ್ತದ್ದು ಕೀಟ ತಿನ್ನುವ ಗುಲಗಂಜಿ ಹುಳ, ಜೇಡ, ಅಂದರೆ ನನ್ನ ಕಡೆಯವರೇ. ಸಾಲದ್ದಕ್ಕೆ ಒಂದು ದಿನ ಗಾಳಿಗೆ ಔಷಧಿ ಪಕ್ಕದ ಹಿಪ್ಪುನೇರಳೆಗೆ ಹಾರಿತು. ಆ ಸೊಪ್ಪು ತಿಂದು ಪಕ್ಕದ ಹೊಲದ ಅಣ್ಣನ ರೇಷ್ಮೆ ಹುಳ, 100 ಚಿಟ್ಟೆ ಇಟ್ಟ ಮೊಟ್ಟೆಗಳದು, ನಾಲ್ಕನೇ ಜ್ವರ (ಪೊರೆ ಬಿಡುವುದು) ಮುಗಿಸಿ ಎದ್ದಿದ್ದವು, ತಟ್ಟೆಯಲ್ಲೇ ಸತ್ತು ಮಲಗಿಬಿಟ್ಟವು. ಅವರು ಬಯ್ಯಲಿಲ್ಲ, ಅದೇ ಕಷ್ಟ. 6 ಸಾವಿರ ಕೊಟ್ಟು ಬಂದೆ.

ಮೂವತ್ತು ಟನ್ ಲೆಕ್ಕ ಹಾಕಿದ್ದೆ, ಸಿಕ್ಕಿದ್ದು ಏಳು. ಅದರಲ್ಲಿ ಅರ್ಧ ಭಾಗ ಕಿಲೋಗೆ 6 ರೂಪಾಯಿಯಂತೆ ಹೋಯಿತು, ಮಸಿ ಹಿಡಿದ ಇನ್ನರ್ಧವನ್ನು ವ್ಯಾಪಾರಿ 2 ರೂಪಾಯಿಗೆ ಎತ್ತಿದ. ಬಂದದ್ದು 28 ಸಾವಿರ, ಹಾಕಿದ್ದು 81,400. ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು, ಆ ಬಡ್ಡಿ ಈ ಲೆಕ್ಕದಲ್ಲಿಲ್ಲ.

ದಾರಿ ಸಿಕ್ಕಿದ್ದು 2011ರ ಶುರುವಿನಲ್ಲಿ. ಬೆಂಗಳೂರು ಹೆಬ್ಬಾಳದ ಕೇಂದ್ರ ಸರ್ಕಾರದ ಕೀಟ ಸಂಶೋಧನಾ ಸಂಸ್ಥೆಯವರು (ಆಗ ಎನ್‌ಬಿಎಐಐ, ಈಗ ಎನ್‌ಬಿಎಐಆರ್) 2010ರಲ್ಲಿ ಪೋರ್ಟೊ ರಿಕೊದಿಂದ ಪುಟ್ಟ ಕಣಜದ ಹುಳ ತರಿಸಿ ಬೆಳೆಸಿದ್ದರು. ಹೆಸರು ಅಸೆರೊಫೇಗಸ್ ಪಪಾಯೆ, ಮೈ ಒಂದು ಮಿಲಿಮೀಟರ್ ಕೂಡ ಇಲ್ಲ. ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದಲೇ ತಿನ್ನುತ್ತದೆ. ನನಗೆ ಸಿಕ್ಕಿದ್ದು ಒಂದು ಸಣ್ಣ ಡಬ್ಬಿ, ದುಡ್ಡು ಕೇಳಲಿಲ್ಲ. ಒಂದೇ ಷರತ್ತು, ಔಷಧಿ ಹೊಡೆಯಬಾರದು.

ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ ಅನ್ನಿ. ಬಿಳಿ ಕಾಣುತ್ತಿರುವಾಗ ಸ್ಪ್ರೇಯರ್ ಮುಟ್ಟದೆ ಕೂರಬೇಕು. ಕೈ ಸುಮ್ಮನಿರದೆ ಬೇರೆ ಕೆಲಸ ಹಿಡಿದೆ. ಪೂರ್ತಿ ಕೆಟ್ಟ ಗಿಡ ಕಡಿದು ಅಲ್ಲೇ ಸುಟ್ಟೆ, ಮೊದಲು ಕಾಲುವೆಗೆ ಎಸೆಯುತ್ತಿದ್ದೆ, ಅದು ಊರಿಗೆಲ್ಲ ಹಂಚಿದ ಹಾಗೆ. ಬದುವಿನ ಕಾಂಗ್ರೆಸ್ ಗಿಡ ಕಿತ್ತೆ, ತಿಗಣೆ ಅದರಲ್ಲೂ ಬೆಳೆಯುತ್ತದೆ. ಇರುವೆ ಗೂಡು ಹುಡುಕಿ ಅಗೆದೆ, ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ಕಾಯುತ್ತವೆ.

ಆರು ವಾರಕ್ಕೆ ಭೂತಗನ್ನಡಿಯಲ್ಲಿ ನೋಡಿದರೆ ಉಬ್ಬಿ ಗಟ್ಟಿಯಾದ ತಿಗಣೆಗಳು, ಒಂದೊಂದಕ್ಕೂ ಕಣಜ ಹೊರಬಿದ್ದ, ಸೂಜಿ ಚುಚ್ಚಿದಂಥ ತೂತು. ಮೇ ಹೊತ್ತಿಗೆ ಹೊಸ ಎಲೆ ಹಸಿರಾಗೇ ಬಂತು. ಮುಂದಿನ ಬೆಳೆಗೆ ಈ ಹುಳಕ್ಕೆ ಅಂತ ಒಂದು ಸಲವೂ ಹೊಡೆಯಲಿಲ್ಲ.

ಬೇಲಿಯ ದಾಸವಾಳದಲ್ಲಿ ಈಗಲೂ ಅಲ್ಲಲ್ಲಿ ಸ್ವಲ್ಪ ಬಿಳಿ ಇರುತ್ತದೆ. ತೊಳೆದುಬಿಡಿ ಅನ್ನುತ್ತಾಳೆ ಹೆಂಡತಿ. ಇರಲಿ ಬಿಡು, ಕಣಜಕ್ಕೂ ಊಟ ಬೇಕಲ್ವಾ ಅನ್ನುತ್ತೇನೆ.