ಚಳ್ಳಕೆರೆಯ ಒಣ ಜನ, ಕುಂದಾಪುರದ ಮಳೆಗಾಲ

ನಾವು ಮನೆ ನೋಡಿದ್ದು ಮೇ ತಿಂಗಳಲ್ಲಿ. ಅದೇ ಮೊದಲ ತಪ್ಪು.

2022ರಲ್ಲಿ ನನ್ನ ಹೆಂಡತಿಗೆ ಕುಂದಾಪುರದ ಬ್ಯಾಂಕ್ ಶಾಖೆಗೆ ವರ್ಗ ಆಯಿತು. ನಾನು ಮನೆಯಲ್ಲೇ ಕೂತು ಅಂಗಡಿಯವರ ಲೆಕ್ಕ, ಜಿಎಸ್‌ಟಿ ಕೆಲಸ ಮಾಡುವವನು. ಒಂದು ಮೇಜು, ಒಂದು ಕುರ್ಚಿ, ಇಂಟರ್ನೆಟ್ ಇದ್ದರೆ ಯಾವ ಊರಾದರೂ ಒಂದೇ ಅಂದುಕೊಂಡಿದ್ದೆ. ಇಬ್ಬರೂ ಚಳ್ಳಕೆರೆ ಕಡೆಯವರು. ಶೇಂಗಾ ಹೊಲ, ಜಾಲಿ ಮರ, ಬಿಸಿಲು ನೋಡಿ ಬೆಳೆದವರು. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆ ವರ್ಷ. ಇಲ್ಲಿ ಜುಲೈ ಒಂದೇ ತಿಂಗಳಲ್ಲಿ 1000 ದಾಟುತ್ತದೆ. ಬರುವ ಮೊದಲೇ ಈ ಅಂಕಿ ನೋಡಿದ್ದೆ. ಆದರೆ ಅಂಕಿ ಓದುವುದು ಬೇರೆ, ನಾಲ್ಕು ದಿನ ಒಣಗದ ಬನಿಯನ್ ಹಾಕಿಕೊಳ್ಳುವುದು ಬೇರೆ.

ಮನೆ ಸಿಕ್ಕಿದ್ದು ಕೋಡಿ ಕಡೆ ಹೋಗುವ ದಾರಿಯಲ್ಲಿ. ಕಡಲಿಗೆ ನಡೆದರೆ ಹತ್ತು ನಿಮಿಷ. ಹೊಸ ಬಣ್ಣ ಬಳಿದಿದ್ದರು. ಪಡುವಣಕ್ಕೆ ದೊಡ್ಡ ಕಿಟಕಿ, ಸಂಜೆಯಾದರೆ ಗಾಳಿಯೋ ಗಾಳಿ. ಪಕ್ಕದ ಹಂಚಿನ ಮನೆಯಲ್ಲಿ ಮನೆ ಮಾಲೀಕರ ತಾಯಿ ಒಬ್ಬರೇ ಇದ್ದರು. ಮಳೆಗಾಲದಲ್ಲಿ ಸೋರುತ್ತಾ ಅಂತ ಅವರನ್ನು ಕೇಳಿದೆ. "ಸೋರೂದಿಲ್ಲ. ಆದ್ರೆ ಆ ಪಡು ಬದಿ ಕಿಟಕಿ ಹತ್ರ ಎಂತದೂ ಇಡ್ಬೇಡಿ" ಅಂದರು. ನಾನು ತಲೆಯಾಡಿಸಿದೆ. ಆಮೇಲೆ ಗಾಳಿ ಬರಲಿ ಅಂತ ನನ್ನ ಮೇಜನ್ನು ಸರಿಯಾಗಿ ಅಲ್ಲೇ ಹಾಕಿಕೊಂಡೆ.

ಜೂನ್ ಎರಡನೇ ವಾರದ ಒಂದು ರಾತ್ರಿ ಗೊತ್ತಾಯಿತು. ಇಲ್ಲಿಯ ಮಳೆ ಮೇಲಿಂದ ಬೀಳುವುದಿಲ್ಲ, ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ. ಕಿಟಕಿ ಮುಚ್ಚಿದ್ದರೂ ಚೌಕಟ್ಟಿನ ಸಂದಿಯಿಂದ ನೀರು ಒಳಗೆ ಬಂದಿತ್ತು. ಒಬ್ಬ ಗಿರಾಕಿಯ ಆರು ತಿಂಗಳ ಬಿಲ್ಲುಗಳು ಮುದ್ದೆಯಾಗಿದ್ದವು. ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬೋರ್ಡ್ ಚಟಚಟ ಅನ್ನುತ್ತಿತ್ತು. ಮೇನ್ ಆಫ್ ಮಾಡಿ ಇಬ್ಬರೂ ಕತ್ತಲಲ್ಲಿ ಮೇಜು ಎಳೆದೆವು. ಅವತ್ತಿನಿಂದ ನನ್ನ ಆಫೀಸು ಮೂಡಣ ಬದಿಯ ಸಣ್ಣ ಕೋಣೆಯಲ್ಲಿ. ಮಂಚವನ್ನೂ ಪಡುವಣ ಗೋಡೆಯಿಂದ ಒಂದಡಿ ಈಚೆ ಎಳೆದೆವು. ಆ ಗೋಡೆಯ ಪ್ಲಗ್ಗುಗಳನ್ನು ಮಳೆಗಾಲ ಪೂರ್ತಿ ಮುಟ್ಟುವುದಿಲ್ಲ.

ಆದರೂ ನೀರು ಒಳಗೆ ಬಂದದ್ದು ಸಣ್ಣ ವಿಷಯ. ಒರೆಸಿದರೆ ಹೋಗುತ್ತದೆ. ನಿಜವಾದ ಕಷ್ಟ ಶುರುವಾದದ್ದು ಬಟ್ಟೆಯಿಂದ.

ನಮ್ಮೂರಲ್ಲಿ ಬಟ್ಟೆ ಒಣಗಿಸುವುದು ಒಂದು ಕೆಲಸ ಅಂತಲೇ ನನಗೆ ಗೊತ್ತಿರಲಿಲ್ಲ. ಹಗ್ಗದ ಮೇಲೆ ಎಸೆದರೆ ಅರ್ಧ ಗಂಟೆ ಸಾಕು. ಇಲ್ಲಿ ಜುಲೈಯಲ್ಲಿ ಭಾನುವಾರ ಒಗೆದ ದುಪ್ಪಟಿ ಗುರುವಾರವೂ ತಣ್ಣಗೆ ಮುಟ್ಟುತ್ತಿತ್ತು. ಎಲ್ಲ ಕೋಣೆಗೂ ಹಗ್ಗ ಕಟ್ಟಿದೆವು. ಎಲ್ಲ ಫ್ಯಾನೂ ತಿರುಗಿಸಿದೆವು. ಮನೆ ತುಂಬ ಒಂಥರಾ ಹುಳಿ ವಾಸನೆ. ಇವಳು ಸಂಜೆ ಬ್ಯಾಂಕಿನಿಂದ ನೆನೆದುಕೊಂಡು ಬಂದರೆ ಬದಲಾಯಿಸಲು ಒಣ ಚೂಡಿದಾರ ಇರುತ್ತಿರಲಿಲ್ಲ. "ದಿನವಿಡೀ ಮನೇಲೇ ಇರ್ತೀರಲ್ಲ, ನಾಲ್ಕು ಬಟ್ಟೆ ಒಣಗಿಸೋಕೆ ಆಗಲ್ವಾ?" ಅಂದಳು. ನಾನೂ ಸುಮ್ಮನಿರಲಿಲ್ಲ. ಮದುವೆಯಾಗಿ ಆರು ವರ್ಷದಲ್ಲಿ ನಾವು ಅಷ್ಟು ಜಗಳ ಆಡಿದ್ದು ಆ ಒಂದು ತಿಂಗಳಲ್ಲೇ. ವರ್ಗ ಬದಲಾಯಿಸಿಕೊಡಿ ಅಂತ ಅರ್ಜಿ ಬರೆದೂ ಆಗಿತ್ತು.

ಒಂದು ಮಧ್ಯಾಹ್ನ ಪಕ್ಕದ ಅಮ್ಮ ಛತ್ರಿ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಒಳಗಿನ ತೋರಣ ನೋಡಿದರು. ನಮ್ಮ ದಪ್ಪ ಟರ್ಕಿ ಟವೆಲನ್ನು ಎರಡು ಬೆರಳಲ್ಲಿ ಎತ್ತಿ, "ಹ್ವಾಯ್, ಇದ್ ದೀಪಾವಳಿಗ್ ಒಣಗತ್ತ್" ಅಂದರು. ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಬೈರಾಸು ತಗೊಳ್ಳಿ ಅಂದರು. ಬೈರಾಸು ಅಂದರೆ ತೆಳ್ಳನೆಯ ಹತ್ತಿ ಟವೆಲ್. ಕರಾವಳಿಯಲ್ಲಿ ಎಲ್ಲರ ಹೆಗಲ ಮೇಲೂ ಕಾಣುತ್ತದೆ. ಹಿಂಡಿ ಗಾಳಿಗೆ ಹಾಕಿದರೆ ಬೇಗ ಒಣಗುತ್ತದೆ. ನಾನು ಅದನ್ನು ಬಡವರ ಟವೆಲ್ ಅಂದುಕೊಂಡಿದ್ದೆ. ಈಗ ಮನೆಯಲ್ಲಿ ಎಂಟು ಇವೆ.

ಆಮೇಲೆ ಅವರು ನಮ್ಮನ್ನು ತಮ್ಮ ಬಚ್ಚಲಿಗೆ ಕರೆದುಕೊಂಡು ಹೋದರು. ಮನೆಯ ಹಿಂದೆ ಒಂದು ಕತ್ತಲ ಕೋಣೆ. ದೊಡ್ಡ ತಾಮ್ರದ ಹಂಡೆ, ಅದರಡಿ ಒಲೆ. ತೆಂಗಿನ ಮಡಲು, ಸಿಪ್ಪೆ, ಗೆರಟೆ ಉರಿಯುತ್ತಿದ್ದವು. ಒಲೆಗಿಂತ ಸಾಕಷ್ಟು ಮೇಲೆ ಅಡ್ಡಕ್ಕೆ ಬಿದಿರ ಗಳ ಕಟ್ಟಿದ್ದರು. ಅವರ ಸೀರೆ ಅದರ ಮೇಲೆ ಬೆಚ್ಚಗೆ ತೂಗುತ್ತಿತ್ತು. "ಒಂದ್ ಗಳ ನಿಮ್ದ್" ಅಂದರು.

ಅಲ್ಲಿಂದ ಒಂದು ಕ್ರಮ ಆಯಿತು. ವಾರಕ್ಕೊಮ್ಮೆ ರಾಶಿ ಒಗೆಯುವುದು ಬಿಟ್ಟೆವು. ದಿನಾ ಬೆಳಿಗ್ಗೆ ಸ್ವಲ್ಪ ಒಗೆಯುವುದು, ಮೆಷಿನ್ನಿನಲ್ಲಿ ಎರಡು ಸಲ ಹಿಂಡುವುದು, ಹಗಲು ಫ್ಯಾನಿನ ಕೆಳಗೆ, ಸಂಜೆ ಬುಟ್ಟಿಯಲ್ಲಿ ತುಂಬಿ ಅಮ್ಮನ ಬಚ್ಚಲಿಗೆ. ದಪ್ಪ ಜೀನ್ಸು, ದುಪ್ಪಟಿಗಳನ್ನು ಅಕ್ಟೋಬರ್‌ವರೆಗೆ ಅಟ್ಟಕ್ಕೆ ಏರಿಸಿದೆವು. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತದೆ, ನಿಜ. ಬ್ಯಾಂಕಿನಲ್ಲಿ ಇವಳ ಪಕ್ಕ ಕೂರುವವರು ಮೂಸಿ, "ಓ, ನಿಮ್ಮಲ್ಲೂ ಬಚ್ಚಲ ಒಲೆ ಉಂಟಾ?" ಅಂತ ಕೇಳಿದರಂತೆ. ಅಲ್ಲಿಯವರೆಗೆ ಇವಳ ಹತ್ತಿರ ಬರೀ ಫೈಲಿನ ಮಾತು ಆಡುತ್ತಿದ್ದವರು ಅವರು.

ಬುಟ್ಟಿ ಹಿಡಿದು ಹೋದವನು ಬಟ್ಟೆ ಹಾಕಿ ಹಾಗೇ ಬರಲು ಆಗುವುದಿಲ್ಲ. ಒಲೆ ಮುಂದೆ ಕೂರಬೇಕು. ಕುಂದಾಪ್ರ ಕನ್ನಡ ನಾನು ಕಲಿತದ್ದು ಅಲ್ಲೇ. ಹೋಪುದು ಅಂದರೆ ಹೋಗುವುದು, ಬಪ್ಪುದು ಅಂದರೆ ಬರುವುದು, ಕಾಂಬ ಅಂದರೆ ನೋಡೋಣ. ಮೊದಮೊದಲು ಅರ್ಧ ಮಾತು ತಲೆ ಮೇಲೆ ಹೋಗುತ್ತಿತ್ತು. ಒಂದು ದಿನ ಮಾತಿನ ಮಧ್ಯೆ, "ನಮ್ಮದು ಸಣ್ಣ ಹಟ್ಟಿ, ಐವತ್ತು ಮನೆ ಇರಬಹುದು, ನಾನು ಹುಟ್ಟಿದ್ದೂ ಹಟ್ಟಿಯಲ್ಲೇ" ಅಂದೆ. ಅಮ್ಮ ಒಲೆಗೆ ಹಾಕಲು ಎತ್ತಿದ ಮಡಲನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದರು. ಇಲ್ಲಿ ಹಟ್ಟಿ ಅಂದರೆ ದನದ ಕೊಟ್ಟಿಗೆ! ನಮ್ಮ ಕಡೆ ಹಟ್ಟಿ ಅಂದರೆ ಊರು. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಒಲೆ ಆರಿತ್ತು.

ಎಲ್ಲ ಅವರೇ ನನಗೆ ಹೇಳಿಕೊಟ್ಟರು ಅಂತಲೂ ಅಲ್ಲ. ಶೇಂಗಾ ವಿಷಯದಲ್ಲಿ ನಾನು ಹೇಳಿಕೊಟ್ಟೆ. ಅವ್ವ ಊರಿಂದ ಹದಿನೈದು ಕಿಲೋ ಶೇಂಗಾ ಬೀಜ ಕಳಿಸಿದ್ದಳು. ಊರಲ್ಲಿ ಇಡುವ ಹಾಗೆ ಗೋಣಿಚೀಲದಲ್ಲೇ ನೆಲದ ಮೇಲೆ ಇಟ್ಟಿದ್ದೆ. ಜುಲೈ ಕೊನೆಗೆ ಚೀಲ ಬಿಚ್ಚಿದರೆ ಹಸಿರು ಬೂಷ್ಟು. ದನಕ್ಕೆ ಹಾಕುವ ಅಂದರು ಅಮ್ಮ. ಬೇಡವೇ ಬೇಡ ಅಂದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಬಹುದು. ಹುರಿದರೂ ಪೂರ್ತಿ ಹೋಗುವುದಿಲ್ಲ. ದನ ತಿಂದರೆ ಹಾಲಿಗೂ ಬರುತ್ತದೆ. ಹದಿನೈದು ಕಿಲೋ ಗುಂಡಿಗೆ ಹಾಕಿ ಮುಚ್ಚಿದೆ. ಹೊಟ್ಟೆ ಉರಿಯಿತು. ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಈಗ ಮಳೆಗಾಲದಲ್ಲಿ ಎರಡು ಕಿಲೋಗಿಂತ ಜಾಸ್ತಿ ತರಿಸುವುದಿಲ್ಲ. ಬಂದ ಕೂಡಲೇ ಹುರಿದು, ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಜೋಳದ ಹಿಟ್ಟು ಫ್ರಿಜ್ಜಿನಲ್ಲಿ.

ಬೂಷ್ಟು ಬೆಲ್ಟನ್ನೂ ಬಿಡಲಿಲ್ಲ, ಮದುವೆ ಸೀರೆಯನ್ನೂ ಬಿಡಲಿಲ್ಲ. ಬೀರುವಿನೊಳಗೆ ಹಳೇ ಕಾಲದ 15 ವ್ಯಾಟಿನ ಬಲ್ಬ್ ಉರಿಸುವವರು ಇಲ್ಲಿ ಇದ್ದಾರೆ. ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ಅದಕ್ಕೆ ಅಷ್ಟು ಬಿಸಿ ಇಲ್ಲ. ನನಗೆ ಬಟ್ಟೆಗೆ ಬಲ್ಬ್ ತಾಗಿದರೆ ಅನ್ನುವ ಭಯ. ಹಾಗಾಗಿ ಸೀರೆ, ಸರ್ಟಿಫಿಕೇಟು ಎಲ್ಲ ಬಿಗಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ತೇವ ಹೀರಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಮಾಡಬೇಕು, ಆ ಬಣ್ಣ ಹೊಟ್ಟೆಗೆ ಹೋಗುವಂಥದ್ದಲ್ಲ.

ಇನ್ನು ತುಕ್ಕು. ಸ್ಕೂಟರಿನ ಸೈಲೆನ್ಸರ್ ಒಂದೇ ವರ್ಷದಲ್ಲಿ ಕೆಂಪಾಯಿತು. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು ಒರೆಸಬೇಕಂತೆ. ಮೆಕ್ಯಾನಿಕ್ ಹೇಳಿದ್ದು ತಡವಾಗಿ, ನಾನು ಕೇಳಿದ್ದೂ ತಡವಾಗಿ.

ಮೀನು ತಿನ್ನಲು ಕಲಿತ ಕತೆ ಬೇರೆಯೇ ಬರೆಯಬೇಕು. ಇಷ್ಟು ಹೇಳುತ್ತೇನೆ: ಮಟನ್ ಬಿಟ್ಟರೆ ಬೇರೆ ಗೊತ್ತಿಲ್ಲದ ನಾವು ಮೀನು ತಿನ್ನಬೇಕು ಅಂತ ಆಸೆಪಟ್ಟದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಿಕ್ಕ ಬಂಗುಡೆಗೆ ಕೈ ಸುಡುವ ಬೆಲೆ. ಅಮ್ಮನ ಮನೆಯಲ್ಲಿ ಮಾತ್ರ ಒಲೆಯ ಮೇಲೆ ಒಣಮೀನಿನ ಪರಿಮಳ. ಏಪ್ರಿಲ್‌ನಲ್ಲೇ ತಂದು ಇಟ್ಟುಕೊಂಡಿದ್ದರು.

ಆಗ ನನಗೆ ಹೊಳೆದದ್ದು ಇದು: ಇವರು ಮಳೆಗಾಲವನ್ನು ಮಳೆಗಾಲದಲ್ಲಿ ಎದುರಿಸುವುದಿಲ್ಲ. ಬೇಸಿಗೆಯಲ್ಲೇ ಅದರ ಕೆಲಸ ಮುಗಿಸುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಇಡೀ ಅಂಗಳವೇ ಒಣಗಿಸುವ ಜಾಗ. ಕಟ್ಟಿಗೆ, ಸಿಪ್ಪೆ, ಹುಣಸೆ, ಮೆಣಸು, ಹಲಸಿನ ಹಪ್ಪಳ, ಮೀನು. ನಾವು ಬಂದದ್ದು ಆ ಸುಗ್ಗಿ ಮುಗಿಯುವ ಹೊತ್ತಿಗೆ, ಕೈಯಲ್ಲಿ ಏನೂ ಇಲ್ಲದೆ. ಮುಂದಿನ ಬೇಸಿಗೆಯಲ್ಲಿ ನಾನೂ ಅಂಗಳಕ್ಕಿಳಿದೆ. ಬೆಳಿಗ್ಗೆ ಎರಡು ಗಂಟೆ ಲೆಕ್ಕ ಬರೆದು, ಆಮೇಲೆ ಅಮ್ಮನ ಜೊತೆ ಮಡಲು ಕಡಿದು ಕಟ್ಟು ಕಟ್ಟುವುದು. ಮಾಲೀಕರನ್ನು ಒಪ್ಪಿಸಿ ತಾರಸಿಗೆ ಶೀಟ್ ಹಾಕಿಸಿದೆವು, ಅರ್ಧ ಖರ್ಚು ನಮ್ಮದು. ಪಡುವಣ ಬದಿಗೆ ಶೀಟನ್ನು ಸ್ವಲ್ಪ ಕೆಳಗೆ ಇಳಿಸಿದರೆ ಎರಚಲು ಹೊಡೆಯುವುದಿಲ್ಲ. ಅದರಡಿ ನಾಲ್ಕು ಸಾಲು ಹಗ್ಗ. ಬಚ್ಚಲ ಗಳಕ್ಕೆ ಈಗ ಅಷ್ಟು ಅಗತ್ಯ ಇಲ್ಲ. ಆದರೂ ಸಂಜೆ ಬುಟ್ಟಿ ಹಿಡಿದು ಹೋಗುತ್ತೇನೆ.

ಮೊನ್ನೆ ಇವಳ ಬ್ಯಾಂಕಿಗೆ ರಾಯಚೂರಿನಿಂದ ಹೊಸದಾಗಿ ಬಂದ ಹುಡುಗ ತನ್ನ ಹೆಂಡತಿ ಜೊತೆ ಮನೆ ನೋಡಲು ಹೊರಟಿದ್ದ. ನನ್ನನ್ನೂ ಕರೆದ. ಹೊಸ ಬಣ್ಣ ಕಂಡಲ್ಲೆಲ್ಲ ಗೋಡೆಯ ಬುಡ ಮುಟ್ಟಿ ನೋಡಿದೆ. ಬೀರುವಿನ ಹಿಂದೆ ಮೂಸಿದೆ. ಬಾವಿ ನೀರು ಬಾಯಿಗೆ ಹಾಕಿಕೊಂಡೆ. ಹೊಳೆ, ಕಡಲಿನ ಹತ್ತಿರ ಕೆಲವು ಬಾವಿಗಳು ಏಪ್ರಿಲ್‌, ಮೇನಲ್ಲಿ ಉಪ್ಪಾಗುತ್ತವೆ. ಒಂದು ಮನೆಯ ಜಗುಲಿಯಿಂದ ಹೊಳೆಯಾಚೆ ಗಂಗೊಳ್ಳಿ ಚಂದ ಕಾಣುತ್ತಿತ್ತು. "ಇಷ್ಟು ಹತ್ತಿರನಾ" ಅಂದಳು ಆ ಹುಡುಗಿ. ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿ ಸುತ್ತಿ ಹೋಗಬೇಕು ಅಂದೆ. ಎಲ್ಲ ನೋಡಿ, "ಜುಲೈಯಲ್ಲಿ ಒಂದ್ಸಲ ಬಂದು ನೋಡಿ ಆಮೇಲೆ ಅಡ್ವಾನ್ಸ್ ಕೊಡಿ" ಅಂದೆ. ಅವರಿಗೆ ಸೋಮವಾರವೇ ಮನೆ ಬೇಕಿತ್ತು. ಕಿಟಕಿ ದೊಡ್ಡದಿರುವ ಮನೆಯನ್ನೇ ಹಿಡಿದರು.

ವರ್ಗದ ಅರ್ಜಿ ಇನ್ನೂ ಇವಳ ಡ್ರಾಯರಿನಲ್ಲಿದೆ. ಕೊಟ್ಟಿಲ್ಲ, ಹರಿದೂ ಇಲ್ಲ.

ಒಂದು ವಿಷಯ ಮಾತ್ರ ಇನ್ನೂ ರೂಢಿಯಾಗಿಲ್ಲ. ಜುಲೈಯಲ್ಲಿ ಅಪ್ಪನ ಫೋನ್ ಬರುತ್ತದೆ. ಹೊಲ ಹಸನು ಮಾಡಿ, ಶೇಂಗಾ ಬೀಜ ಇಟ್ಟುಕೊಂಡು ಮೋಡ ನೋಡುತ್ತಾ ಕೂತಿರುತ್ತಾನೆ. "ಒಂದು ಹದ ಬಿದ್ದಿದ್ದರೆ ಸಾಕಿತ್ತು ಕಣೋ" ಅನ್ನುತ್ತಾನೆ. ಆಮೇಲೆ, "ನಿಮ್ಮ ಕಡೆ ಮಳೆ ಹೆಂಗೆ?" ಇಲ್ಲಿ ಶೀಟಿನ ಮೇಲೆ ಸುರಿಯುವ ಸದ್ದಿಗೆ ಅವನ ಮಾತೇ ಸರಿಯಾಗಿ ಕೇಳುತ್ತಿರುವುದಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. "ಪರವಾಗಿಲ್ಲಪ್ಪ, ಆಗಾಗ ಬರ್ತಿದೆ" ಅನ್ನುತ್ತೇನೆ.