ಗೋಮಾಳಕ್ಕೆ ಹುಣಸೆ ಬೀಜದ ಲೆಕ್ಕ

ಮಂಡ್ಯ ಅಂದರೆ ನಾಲೆ ನೀರು, ಕಬ್ಬು, ಭತ್ತ ಅನ್ನುವವರು ನಾಗಮಂಗಲದ ನಮ್ಮ ಕಡೆಗೆ ಬಂದರೆ ಬೇರೆ ಜಿಲ್ಲೆಗೆ ಬಂದೆವೇನೋ ಅಂದುಕೊಳ್ಳುತ್ತಾರೆ. ಕೆಮ್ಮಣ್ಣು, ಬಂಡೆ, ತಂಗಡಿ ಗಿಡ, ಮಳೆ ನಂಬಿದ ರಾಗಿ, ಹುರುಳಿ. ಊರ ಮೇಲುಗಡೆ ಗೋಮಾಳ. ಹೊರಗಿನವರ ಕಣ್ಣಿಗೆ ಅದು ಪಾಳು. ಊರಿನ ಕುರಿ, ಮೇಕೆ, ನಾಟಿ ದನಕ್ಕೆ ವರ್ಷದ ಬಹುಪಾಲು ಮೇವು ಅಲ್ಲಿಯದೇ.

ನಾನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ. ಮನೆಯಲ್ಲಿ ಎರಡು ಸೀಮೆ ಹಸು, ಹತ್ತಿಪ್ಪತ್ತು ಕುರಿ. 2002ರ ಕಾಯ್ದೆಯ ಪ್ರಕಾರ ಇಂಥ ಸಮಿತಿ ಎಲ್ಲ ಕಡೆ ಇರಬೇಕು. ನಮ್ಮದು ಬಹಳ ದಿನ ರಿಜಿಸ್ಟರಿನಲ್ಲಷ್ಟೇ ಇತ್ತು. ‘ಗೋಮಾಳ ಕೆಡ್ತಾ ಅದೆ’ ಅಂತ ಎಲ್ಲರೂ ಅನ್ನೋರೇ. ಎಷ್ಟು ಕೆಟ್ಟಿದೆ, ಯಾವುದರಿಂದ ಗೊತ್ತಾಯಿತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅಲ್ಲಿಂದ ಶುರುವಾಯಿತು ಈ ಕೆಲಸ.

ಮೊದಲು ಪುಸ್ತಕದ ದಾರಿ ಹಿಡಿದು ಎಡವಿದೆ. ಅಮೆರಿಕದಲ್ಲಿ 2001ರಲ್ಲಿ ದನ ಸಾಕುವವರು, ಅಧಿಕಾರಿಗಳು, ವಿಜ್ಞಾನಿಗಳು, ಪರಿಸರದವರು ಒಟ್ಟಿಗೆ ಕೂತು ‘ಸಸ್ಟೇನಬಲ್ ರೇಂಜ್‌ಲ್ಯಾಂಡ್ಸ್ ರೌಂಡ್‌ಟೇಬಲ್’ ಅಂತ ಮಾಡಿಕೊಂಡು, ಹುಲ್ಲುಗಾವಲು ಬಾಳುತ್ತದೋ ಇಲ್ಲವೋ ಎಂದು ನೋಡಲು ಐದು ಮಾನದಂಡ, 64 ಸೂಚಕಗಳ ಪಟ್ಟಿ ಮಾಡಿದ್ದರು. ಮಣ್ಣು-ನೀರು, ಗಿಡ-ಪ್ರಾಣಿ, ಇಳುವರಿ, ಜನರ ಬದುಕು, ಕಾನೂನು ಎಲ್ಲವೂ ಅದರಲ್ಲಿದೆ. ನಾನು ಅದನ್ನು ಕನ್ನಡಕ್ಕಿಳಿಸಿಕೊಂಡು ಅರಳಿಕಟ್ಟೆಯಲ್ಲಿ ಓದಿದೆ. ಹತ್ತನೆಯದು ಮುಗಿಯುವಷ್ಟರಲ್ಲಿ ಅರ್ಧ ಜನ ಡೇರಿಗೆ ಹೊತ್ತಾಯಿತು ಅಂತ ಎದ್ದರು. ಉಳಿದವರಲ್ಲಿ ಯಜಮಾನರು ‘ಎಲ್ಲಾನೂ ಬರ್ಕೊ’ ಅಂದರು, ಬಾಕಿಯವರು ತಲೆಯಾಡಿಸಿದರು. ಆ ತಲೆಯಾಡಿಸುವುದೇ ನಿಜವಾದ ತೊಡಕು ಅಂತ ಹೊಳೆದದ್ದು ಮನೆಗೆ ಬಂದ ಮೇಲೆ.

ಅಮೆರಿಕದವರ ಪಟ್ಟಿಗಿಂತ ಅವರು ಪಟ್ಟಿ ಮಾಡಿದ ರೀತಿ ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ಡೆಲ್ಫಿ ಅಂತ ಒಂದು ಕ್ರಮ. ಯಾರು ಏನು ಹೇಳಿದರು ಅಂತ ತಿಳಿಯದ ಹಾಗೆ ಅಭಿಪ್ರಾಯ ಕೇಳುವುದು, ಒಟ್ಟು ಫಲಿತಾಂಶ ಎಲ್ಲರಿಗೂ ತೋರಿಸುವುದು, ಮತ್ತೆ ಕೇಳುವುದು. ನಮ್ಮಲ್ಲಿ ಓದು ಬರದವರೂ ಇದ್ದರು. ಅದಕ್ಕೆ ಶಾಲೆಯ ಹಿಂದಿನ ಕೋಣೆಯಲ್ಲಿ ಚೊಂಬುಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ಗೋಮಾಳದ ಸ್ಥಿತಿ ಹೇಳುವ ಒಂದು ಗುರುತು ಕಟ್ಟಿದೆವು: ಒಂದು ಹಿಡಿ ಗರಿಕೆ, ಕಾಂಗ್ರೆಸ್ ಗಿಡ, ಕುರಿ ತುಪ್ಪಟ, ಮಣ್ಣಿನ ಹೆಂಟೆ. ಕೈಯಲ್ಲಿ ಹತ್ತು ಹುಣಸೆ ಬೀಜ. ಒಬ್ಬೊಬ್ಬರೇ ಒಳಗೆ ಹೋಗಿ, ಯಾವುದು ಮುಖ್ಯ ಅನ್ನಿಸುತ್ತದೋ ಅದರಲ್ಲಿ ಬೇಕಾದಷ್ಟು ಬೀಜ ಹಾಕಿ ಬರಬೇಕು.

ಗುರುತುಗಳನ್ನು ಒಟ್ಟುಮಾಡುವಾಗಲೇ ಜಗಳ. ಕಾಳಿಗೆ ಬಂದಾಗ ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲೊಂದಿದೆ. ಬೀಜದ ತುದಿಗೆ ಉದ್ದನೆಯ ಮುರಿಗೆ ಬಾಲ. ದನದವರು ಅದು ಎದ್ದು ನಿಂತರೆ ಗೋಮಾಳ ಚೆನ್ನಾಗಿದೆ ಅಂದರು. ಕುರಿಯವರು ಎದ್ದುನಿಂತು ಬೈದರು. ಆ ಬೀಜ ತುಪ್ಪಟಕ್ಕೆ ಸಿಕ್ಕಿಕೊಂಡು ತಿರುಚುತ್ತಾ ಚರ್ಮಕ್ಕೆ ಇಳಿಯುತ್ತದೆ, ಮರಿಗಳ ಬಾಯಿ ಹುಣ್ಣಾಗುತ್ತದೆ. ಬನ್ನೂರು ಕುರಿಯ ಕಾಲು ಗಿಡ್ಡ, ಮೈ ನೆಲಕ್ಕೆ ಹತ್ತಿರ. ಅದಕ್ಕೆ ಇನ್ನೂ ಕಷ್ಟ. ಒಂದೇ ಹುಲ್ಲು, ಎರಡು ತೀರ್ಪು. ಕೊನೆಗೆ ಗೊತ್ತಾಯಿತು, ಇಬ್ಬರೂ ಹೇಳುತ್ತಿದ್ದುದು ಬೇರೆ ಬೇರೆ ತಿಂಗಳ ಮಾತು. ಹೂವಾಗುವ ಮುಂಚೆ ಅದು ಒಳ್ಳೆಯ ಮೇವು, ಬಲಿತ ಮೇಲೆ ಮುಳ್ಳು. ಹಾಗಾಗಿ ಯಾವ ಗುರುತನ್ನಾದರೂ ಯಾವ ಮಳೆಯಲ್ಲಿ ನೋಡಬೇಕು ಅಂತ ಬರೆಯದೆ ಒಪ್ಪಬಾರದು ಅಂತಾಯಿತು. ಆರಿದ್ರೆಯಲ್ಲಿ ಒಂದು ಸಲ, ಚಿತ್ತೆಯಲ್ಲಿ ಒಂದು ಸಲ. ಇಂಗ್ಲಿಷ್ ತಿಂಗಳು ಬರೆದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಪುಸ್ತಕದಲ್ಲಿ ಹುಡುಕಿದ್ದರೆ ನನಗೆ ಸಿಗದ ಒಂದು ಗುರುತನ್ನು ಕೊಟ್ಟವರು ನಾಟಿ ಹಸು ಸಾಕಿಕೊಂಡಿರುವ ಒಬ್ಬ ಅಜ್ಜಿ. ‘ಹುಲ್ಲೆಣಿಸೋಕೆ ಯಾಕ್ ಹೋಯ್ತೀಯ ಮಗಾ, ಸಂಜೆ ಹಸ ಬಂದಾಗ ಎಡಪಕ್ಕೆ ನೋಡು’ ಅಂದರು. ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ತ್ರಿಕೋನ. ದನ ಹೊಟ್ಟೆ ತುಂಬ ಮೇದಿದ್ದರೆ ಅದು ಸಮ, ಇಲ್ಲದಿದ್ದರೆ ಗುಳಿ. ಅಜ್ಜಿ ಅಂಗೈ ಇಟ್ಟು ನೋಡಿ ‘ಇವತ್ತು ಅರ್ಧಾನೇ ತುಂಬೈತೆ’ ಅಂದರು. ಪಶುವೈದ್ಯರೂ ಮೇವು ಸಾಕಾಗಿದೆಯೇ ಅಂತ ನೋಡುವುದು ಇದೇ ಜಾಗವನ್ನು. ಮನೆಯಲ್ಲಿ ಹಿಂಡಿ ಬೂಸಾ ಹಾಕುವ ಮುಂಚೆ ನೋಡಬೇಕು ಅನ್ನುವುದೊಂದೇ ಷರತ್ತು. ನಮ್ಮ ಸೀಮೆ ಹಸುಗಳು ಕೊಟ್ಟಿಗೆ ಬಿಟ್ಟು ಹೋಗುವುದೇ ಇಲ್ಲ, ಅವನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಮಣ್ಣಿಗೆ ಬಾಟಲಿ. ಗೋಮಾಳದಿಂದ ಇಳಿಯುವ ಹಳ್ಳದ ಮೊದಲ ನೀರನ್ನು ಕ್ವಾರ್ಟರ್ ಬಾಟಲಿಗೆ ತುಂಬಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ತಳದಲ್ಲಿ ಎಷ್ಟು ಬೆರಳು ಮಣ್ಣು ಕೂತಿದೆ ಅಂತ ಯಾರು ಬೇಕಾದರೂ ಹೇಳಬಹುದು. ಖಾಲಿ ಬಾಟಲಿಗೆ ಗೋಮಾಳದಲ್ಲಿ ಕೊರತೆ ಇರಲಿಲ್ಲ, ಬಿಡಿ.

ನೆಲದ ಮೇಲಿನ ಹೊದಿಕೆ ನೋಡಲು ನೂರು ಹೆಜ್ಜೆ ನಡೆದು, ಪ್ರತಿ ಹೆಜ್ಜೆಗೂ ಹೆಬ್ಬೆರಳಿನ ತುದಿಯಲ್ಲಿ ಹುಲ್ಲೋ, ಕಳೆಯೋ, ಬರೀ ಮಣ್ಣೋ ಅಂತ ಗೀಟು ಹಾಕುವುದು. ಶಾಲೆಯ ಮಕ್ಕಳಿಗೆ ವಹಿಸಿದೆ. ಮುಳ್ಳಿನ ಗಿಡ ಹೆಚ್ಚುಕಡಿಮೆ ಸೊನ್ನೆ ಅಂತ ಬಂತು. ಬಳ್ಳಾರಿ ಜಾಲಿ ಕಣ್ಣಿಗೆ ರಾಚುತ್ತಿದೆ, ಲೆಕ್ಕದಲ್ಲಿ ಇಲ್ಲ! ಹೋಗಿ ನೋಡಿದರೆ ಹುಡುಗರು ಬರಿಗಾಲು. ಮುಳ್ಳು ಕಂಡಲ್ಲಿ ಸುತ್ತಿ ಬರುತ್ತಿದ್ದರು. ಆಮೇಲೆ ಮಾರಿಗೊಂದು ಗಂಟು ಹಾಕಿದ ಹಗ್ಗ ಎಳೆದು, ಗಂಟಿನ ಕೆಳಗೆ ಏನಿದೆಯೋ ಅದನ್ನೇ ಬರೆಸಿದೆವು.

ಇನ್ನೊಂದು ತಪ್ಪು ನನ್ನದೇ. ಗೋಕಟ್ಟೆಯಲ್ಲಿ ಯುಗಾದಿವರೆಗೂ ನೀರು ನಿಂತಿದ್ದನ್ನು ಕಂಡು ಗೋಮಾಳ ಸುಧಾರಿಸಿತು ಅಂತ ಸಭೆಯಲ್ಲಿ ಹೇಳಿಬಿಟ್ಟೆ. ‘ಹೋದ ಬೇಸಿಗೇಲಿ ನರೇಗಾದಲ್ಲಿ ಹೂಳು ತೆಗ್ದಿದ್ದು ನಾವೇ ಅಲ್ವಾ ಅಣ್ಣ’ ಅಂತ ಹಿಂದಿನಿಂದ ಒಬ್ಬಳು ಅಂದಳು. ನಗು. ಆ ಗುರುತನ್ನು ಕೈಬಿಟ್ಟೆವು.

ಈಗ ಚೊಂಬಿನ ವಿಷಯ. ಕಟ್ಟೆಯ ಮೇಲೆ ಮಾತಾಡುವಾಗ ಗೋಮಾಳದ ಗಡಿ ತೋರಿಸುವ ಬಾಂದುಕಲ್ಲಿನ ಸುದ್ದಿ ಯಾರೂ ಎತ್ತಿರಲಿಲ್ಲ. ಕಾನೂನಿನ ಒಂದು ಗುರುತಾದರೂ ಇರಲಿ ಅಂತ ನಾನೇ ಒಂದು ಚೊಂಬಿಗೆ ಕಲ್ಲು ಕಟ್ಟಿದ್ದೆ. ಮೊದಲ ಸುತ್ತು ಮುಗಿದು ಬೀಜ ಎಣಿಸಿದಾಗ ಎಲ್ಲಕ್ಕಿಂತ ಹೆಚ್ಚು ಅದರಲ್ಲೇ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕು ಅನ್ನುತ್ತದೆ. ಆ ಭೂಮಿಯೇ ಒತ್ತುವರಿಯಾಗಿ ವರ್ಷವರ್ಷಕ್ಕೆ ಸೊರಗುವಾಗ ಹುಲ್ಲು ಎಣಿಸಿ ಏನು ಪ್ರಯೋಜನ ಅನ್ನುವುದು ಎಲ್ಲರ ಮನಸ್ಸಲ್ಲೂ ಇತ್ತು. ನೆಂಟರ ಹೊಲದ ಮಾತು ಬಾಯಿಬಿಟ್ಟು ಆಡುವುದು ಹೇಗೆ? ಎಣಿಕೆ ಎಲ್ಲರಿಗೂ ತೋರಿಸಿ ಎರಡನೇ ಸುತ್ತು ಮಾಡಿದಾಗ ಆ ಚೊಂಬು ಇನ್ನಷ್ಟು ತುಂಬಿತು.

ಬಾಂದುಕಲ್ಲಿನ ಗುರುತನ್ನು ಬರೆಯುವಾಗ ಬಹಳ ಯೋಚನೆ ಮಾಡಿದೆವು. ‘ಒತ್ತುವರಿ ಎಷ್ಟು’ ಅಂತ ಬರೆದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ. ‘ಸರ್ವೆ ನಕ್ಷೆಯಲ್ಲಿರುವ ಕಲ್ಲುಗಳಲ್ಲಿ ಎಷ್ಟು ಸ್ಥಳದಲ್ಲಿವೆ’ ಅಂತಷ್ಟೇ ಬರೆದೆವು. ಹೆಸರಿಲ್ಲ, ಸರ್ವೆ ನಂಬರಿನ ಮಾತಿಲ್ಲ. ಎಣಿಸುವ ದಿನ ಎಲ್ಲ ಕೇರಿಯವರೂ ಜೊತೆಗಿರಬೇಕು. ನಾಪತ್ತೆಯಾದ ಒಂದು ಕಲ್ಲು ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಡಿ ಸಿಕ್ಕಿತು, ಉಳಿಗುರುತಿನ ಸಮೇತ. ಅವ್ವನನ್ನು ಕೇಳಿದರೆ ‘ನಿಮ್ ತಾತನ ಕಾಲದ್ದು’ ಅಂದಳು. ರಿಜಿಸ್ಟರಿಗೆ ಅದನ್ನೂ ಬರೆಸಿದೆ. ಮಿಕ್ಕವರು ಬಾಯಿಬಿಡಲು ಅದೊಂದು ನೆಪವಾಯಿತು.

ಕೊನೆಗೆ ಉಳಿದದ್ದು ಒಂಬತ್ತು ಗುರುತು. ತೋಳದ್ದು ಬಿದ್ದುಹೋದದ್ದಕ್ಕೆ ನನಗೆ ಬೇಸರವಿದೆ. ಪಕ್ಕದ ಮೇಲುಕೋಟೆ ವನ್ಯಧಾಮ 1974ರಲ್ಲಿ ಆದದ್ದೇ ತೋಳಕ್ಕಾಗಿ; ಬಯಲು ಜೀವಂತವಾಗಿದ್ದರೆ ತಾನೇ ಅದು ಇರುವುದು? ಮರಿ ಕಳೆದುಕೊಂಡ ಕುರಿಯವರಿಗೆ ಇದನ್ನು ಹೇಳಿ ಗೆಲ್ಲಲಾಗಲಿಲ್ಲ. ಆ ಚೊಂಬಿನಲ್ಲಿದ್ದದ್ದು ಮೂರೇ ಬೀಜ, ಮೂರೂ ನನ್ನವೇ.

ಇನ್ನೊಂದು ಕೆಲಸ ಬಾಕಿ ಇದೆ. ಸುಗ್ಗಿ ಮುಗಿದ ಮೇಲೆ ಮೇಲುಸೀಮೆಯಿಂದ ಕುರಿ ಹೊಡೆದುಕೊಂಡು ಬರುವವರು ನಮ್ಮ ಗೋಮಾಳದಲ್ಲೇ ಮೇಯಿಸಿ, ರಾತ್ರಿ ಹೊಲಗಳಲ್ಲಿ ಮಂದೆ ಬಿಡುತ್ತಾರೆ. ಅವರ ಮಾತು ಈ ಒಂಬತ್ತರಲ್ಲಿ ಒಂದರಲ್ಲೂ ಇಲ್ಲ, ಯಾಕೆಂದರೆ ನಾವು ಸಭೆ ಮಾಡಿದ್ದು ಮಳೆಗಾಲದಲ್ಲಿ. ಈ ಸಲ ಸಂಕ್ರಾಂತಿಯ ಕಿಚ್ಚು ಮುಗಿದ ಮೇಲೆ, ಅವರು ಮಂದೆ ಹಾಕಿದ ಹೊಲಕ್ಕೇ ಚೊಂಬು ಹೊತ್ತುಕೊಂಡು ಹೋಗುವುದು ಅಂತ ಮಾತಾಗಿದೆ. ಹುಣಸೆ ಬೀಜ ಅವ್ವ ಎತ್ತಿಟ್ಟಿದ್ದಾಳೆ.